ಶಿದ್ರಾಮನ ಬೋಣಿಗಿ ಕಾರ್ಡು

ಗುಡ್ಡವ್ವ ಶಿದ್ರಾಮನನ್ನು ಮೊದಲ ಸಲ ಕಂಡದ್ದು ಎರಡು ಸಾವಿರದ ಎಂಟನೇ ಇಸವಿಯ ಚಳಿಗಾಲದಲ್ಲಿ, ಮೂಡಲಗಿ ಬಸ್ ಸ್ಟ್ಯಾಂಡಿನ ಎದುರಿಗಿದ್ದ ಅವನ ತಗಡಿನ ಅಂಗಡಿಯಲ್ಲಿ. ಬೆಳಗಾವಿಯ ಡಾಕ್ಟರು ಆಕೆಯ ಗಂಟಲು ಕೊಯ್ಯುವುದಕ್ಕೆ ದಿನ ಗೊತ್ತು ಮಾಡಿ ಕಳಿಸಿದ್ದರು. ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ ಎಂದು ಮುಚ್ಚುಮರೆ ಇಲ್ಲದೆ ಹೇಳಿದ್ದರು. ಸೊಸೆ ಲಕ್ಕವ್ವ ಅತ್ತೆಯ ರಟ್ಟೆ ಹಿಡಿದು ಅಂಗಡಿಯ ಮೆಟ್ಟಿಲು ಹತ್ತಿಸಿದಳು.

ಮೊಬೈಲಿನ ಮೆಮರಿ ಕಾರ್ಡಿಗೆ ಹಾಡು ತುಂಬಿ ಕೊಡುವುದು ಶಿದ್ರಾಮನ ಕೆಲಸ. ಕೋಲುಮುಖ, ಕಿವಿಯ ಮೇಲೆ ಸದಾ ಹೆಡ್‌ಫೋನು.

“ಏನ್ ತುಂಬ್ಲಿ ಅವ್ವಾರ? ಭಕ್ತಿಗೀತಿ ಅದಾವು, ಸಿನಿಮಾದ್ದು ಅದಾವು.”

“ತುಂಬೂದಲ್ಲಪಾ, ತಗಿಯೂದು,” ಅಂದಳು ಲಕ್ಕವ್ವ. “ನಮ್ಮ ಅತ್ತಿ ಗಂಟಲದಾಗಿಂದು ಒಂದು ಹಾಡು ತಗದು ಇಡಬೇಕು. ಡಾಕ್ಟರು ಕತ್ರಿ ಹಾಕೂದ್ರೊಳಗ.”

ಅದು ಆ ಮನೆಯ ಜೋಗುಳ. ಮನೆಯಲ್ಲಿ ಕೂಸು ಹುಟ್ಟಿ ತೊಟ್ಟಿಲಿಗೆ ಹಾಕುವ ದಿನ ಹಿರೇ ಹೆಂಗಸು ಅದನ್ನು ಹಾಡಬೇಕು. ಅತ್ತೆ ಹಾಡುವಷ್ಟು ದಿನ ಸೊಸೆ ಅದನ್ನು ಬಾಯಿಗೆ ತರಬಾರದು. ತಂದರೆ ಅತ್ತೆಯ ಸಾವು ಕರೆದ ಹಾಗೆ ಎಂಬ ನಂಬಿಕೆ. ಗುಡ್ಡವ್ವ ತನ್ನ ಅತ್ತೆ ಕಣ್ಣು ಮುಚ್ಚಿದ ಮೇಲೆಯೇ ಹಾಡಿದ್ದು, ಅಲ್ಲಿಯ ತನಕ ಕಿವಿಯಲ್ಲೇ ಇಟ್ಟುಕೊಂಡಿದ್ದಳು. ಲಕ್ಕವ್ವನ ಕಿವಿ ಅಷ್ಟು ಗಟ್ಟಿಯಲ್ಲ. ಈಗ ಕಲಿಸೋಣವೆಂದರೆ, “ನೀವು ಆಸ್ಪತ್ರಿಗೆ ಹೊಂಟಾಗ ನಾ ಆ ಹಾಡು ಹಾಡ್ಲ್ಯಾ? ನನ್ನ ನಾಲಗಿ ಸೇದಿ ಹೋಗ್ಲಿ,” ಎಂದು ಅಳುತ್ತಾ ಕೂತಳು. ಗುಡ್ಡವ್ವನಿಗೆ ನಾಲ್ಕಕ್ಷರ ಬರುತ್ತಿತ್ತು, ಮಗನ ಪಾಟಿ ಹಿಡಿದು ಕಲಿತದ್ದು. ಸಾಲುಗಳನ್ನು ಬರೆದಾಳು. ಧಾಟಿಯನ್ನು ಯಾವ ಅಕ್ಷರದಲ್ಲಿ ಬರೆಯಬೇಕು?

ಶಿದ್ರಾಮ ಕಂಪ್ಯೂಟರಿಗೆ ಮೈಕು ಸಿಗಿಸಿ, ಆಕೆಯ ಬಾಯಿ ಹತ್ತಿರ ಹಿಡಿದು, ತಾನು ಹೆಡ್‌ಫೋನಿನಲ್ಲಿ ಕೇಳುತ್ತಾ ನಿಂತ. ಗುಡ್ಡವ್ವನ ದನಿ ಒಡೆದಿತ್ತು, ಧಾಟಿ ಒಡೆದಿರಲಿಲ್ಲ.

ಹೊಳಿಯ ನೀರಿಳದಾವ, ದಂಡೀಯ ಒಣಗ್ಯಾವ
ಇಳಿವೊಲ್ದ ಯಾಕ ಕಣ್ಣೀರ, ನನ ಕೂಸ
ತೂಗೂವ ಕೈಯ ಹಿಡಕೊಂಡ.

ಎರಡನೆಯ ಸಾಲಿನ ಕೊನೆಗೆ ‘ನನ ಕೂಸ’ ಎನ್ನುವಲ್ಲಿ ಧಾಟಿ ಮೇಲಕ್ಕೆ ಹೋಗಿ, ಅಲ್ಲೊಂದು ಗಳಿಗೆ ನಿಂತು, ಇಳಿಯುತ್ತದೆ. ಹಾಡಿನ ಜೀವವೆಲ್ಲ ಆ ತಿರುವಿನಲ್ಲಿ. ಸರಿಯಾಗಿ ಅಲ್ಲಿಯೇ ಗೋಕಾಕದ ಬಸ್ಸು ಹಾರ್ನು ಹಾಕಿತು.

“ನಡೀತೈತಿ ಬಿಡ್ರಿ ಅವ್ವಾರ, ಸಣ್ಣಂಗ ಕೇಳತೈತಿ.”

“ನಡಿಯೂದಿಲ್ಲ. ಬಸ್ಸು ಹೋಗ್ಲಿ, ಮತ್ತ ಹಾಡ್ತೇನಿ,” ಅಂದಳು ಗುಡ್ಡವ್ವ. ಮತ್ತೆ ಹಾಡಿದಳು. ಮುಗಿದಾಗ ಶಿದ್ರಾಮ ಹೆಡ್‌ಫೋನು ತೆಗೆಯುವುದನ್ನೇ ಮರೆತಿದ್ದ.

ಆಮೇಲೆ ಆ ಹಾಡನ್ನು ಎಲ್ಲಿ ಇಡಬೇಕು ಎಂಬ ಮಾತು ಬಂತು. ಗಲ್ಲೆಯ ತುಂಬ ಪೊಟ್ಟಣ ಒಡೆಯದ ಹೊಸ ಕಾರ್ಡುಗಳಿದ್ದವು. ಶಿದ್ರಾಮ ಅವನ್ನು ಮುಟ್ಟಲಿಲ್ಲ. ಕಂಪ್ಯೂಟರಿನಲ್ಲಿದ್ದ ಹಳೇ ಕಾರ್ಡೊಂದನ್ನು ತೆಗೆದು ಕಣ್ಣಿಗೆ ಒತ್ತಿಕೊಂಡ.

“ಇದು ನನ್ನ ಬೋಣಿಗಿ ಕಾರ್ಡ್ ರಿ. ಅಂಗಡಿ ತಗದ ದಿನದ್ದು. ದಿನಾ ಮುಂಜಾನಿ ಇದನ್ನ ಅಳಿಸಿ, ಹೊಸಾ ಹಾಡು ಹಾಕಿ, ಊದಿನಕಡ್ಡಿ ಬೆಳಗಿದ ಮ್ಯಾಲನ ಗಿರಾಕಿ. ಯಾವ ಹಾಡ ಬಂದ್ರೂ ಮೊದಲ ಇದಕ್ಕ ಹಾಕಿ ನೋಡಿ, ಆಮ್ಯಾಲ ಮಂದಿಗೆ. ಇದರಿಂದನ ನಾ ಉಣ್ಣಾಕತ್ತೇನಿ. ನಿಮ್ಮ ಹಾಡು ಇದರಾಗ ಇರ್ಲಿ. ನಾಳಿಯಿಂದ ಬೋಣಿಗಿಗೆ ಬ್ಯಾರೆ ಕಾರ್ಡು.”

“ಕ್ಯಾಸೆಟ್ಟಿನಂಗ ಸವದು ಹೋಗೂದಿಲ್ಲ ಹೌದಲ್ಲೋ?” ಲಕ್ಕವ್ವ ಕೇಳಿದಳು.

“ಇದರಾಗ ತಿರಗೂದಿಲ್ಲ, ಉಜ್ಜೂದಿಲ್ಲ. ಸವಿಯೂದು ಎಲ್ಲಿಂದ ಬಂತು ಅಕ್ಕಾರ?”

ಮನೆಯಲ್ಲಿ ಹುಡುಗರು ಆಡಿ ಕಳೆದಾರೆಂದು, ಕಾರ್ಡು ಅಂಗಡಿಯಲ್ಲಿಯೇ ಇರಲಿ ಅಂದಳು ಗುಡ್ಡವ್ವ. ಶಿದ್ರಾಮ ಅದನ್ನು ಅರಿಷಿಣ ಹಚ್ಚಿದ ಕಾಗದದಲ್ಲಿ ಸುತ್ತಿ ದೇವರ ಗೂಡಿನಲ್ಲಿ, ಎಣ್ಣೆದೀಪದ ಮಗ್ಗುಲಿಗೆ ಇಟ್ಟ.

ಗುಡ್ಡವ್ವ ಆಸ್ಪತ್ರೆಯಿಂದ ಕೊರಳಿಗೆ ಬಟ್ಟೆ ಕಟ್ಟಿಕೊಂಡು ಬಂದಳು. ಮಾತಿಗೆ ಕೈ, ಕೈ ಸಾಲದೆ ಹೋದಾಗ ಪಾಟಿ. ಸಂತೆಗೆ ಹೋದಾಗ ಅಂಗಡಿಯ ಮುಂದೆ ಹಾಯ್ದರೆ ಶಿದ್ರಾಮ ಗಿರಾಕಿಯನ್ನು ಬಿಟ್ಟು ಹೊರಗೆ ಬಂದು, “ಅವ್ವಾರ, ಆರಾಮ ಅದೀರಿ?” ಎಂದು ಗೂಡಿನ ಕಡೆ ಬೆರಳು ಮಾಡುತ್ತಿದ್ದ. ಆಕೆ ಆರಾಮ ಇರುವುದು ಅಲ್ಲಿಯೇ ಎನ್ನುವ ಹಾಗೆ. ಬೇಸಿಗೆ ಬಂತು, ತಗಡು ಕಾದು ಹಂಚಾಯಿತು, ದೀಪ ಉರಿಯುತ್ತಲೇ ಇತ್ತು. ನಡುವೆ ಅಂಗಡಿಯ ಕಂಪ್ಯೂಟರಿಗೆ ವೈರಸ್ಸು ಬಡಿದು ಅದರಲ್ಲಿದ್ದದ್ದೆಲ್ಲ ಹೋಯಿತು. “ಹೋಗ್ಲಿ, ನಿಮ್ದು ದೇವರ ಹಂತ್ಯಾಕ ಐತಿ,” ಅಂದಿದ್ದ.

ಹುಕ್ಕೇರಿಗೆ ಕೊಟ್ಟ ಮೊಮ್ಮಗಳು, ಲಕ್ಕವ್ವನ ಮಗಳು ಕಸ್ತೂರಿ, ಮಳೆಗಾಲದ ಮೊದಲಿಗೆ ಹೆರಿಗೆಗೆ ಮೂಡಲಗಿಗೆ ಬಂದಳು. ಹೆಣ್ಣು ಕೂಸು. ನಾಳೆ ತೊಟ್ಟಿಲು, ಹುಕ್ಕೇರಿಯ ಬೀಗರು ಮುಂಜಾನೆಯ ಬಸ್ಸಿಗೇ ಬರುವವರು. ಅತ್ತೆಯ ಗಂಟಲು ನಿಂತ ಮೇಲೆ ಹಾಡು ತನ್ನದಾಯಿತೆಂದು ಲಕ್ಕವ್ವನಿಗೂ ಈಗ ಒಪ್ಪಿಗೆ ಇತ್ತು. ಕೇಳಿ ಕಲಿಯಲಿಕ್ಕೆ ಅತ್ತೆ ಸೊಸೆ ಇಬ್ಬರೂ ಮುಂಜಾನೆಯೇ ಅಂಗಡಿಗೆ ಹೋದರು.

ಶಿದ್ರಾಮ ಕಾರ್ಡು ಸಿಗಿಸಿದ. ಪರದೆಯ ಮೇಲೆ ಒಂದು ಚೌಕ ಮೂಡಿತು. ಕಾರ್ಡಿನಲ್ಲಿರುವುದು ಓದಲು ಬರುತ್ತಿಲ್ಲ, ಅಳಿಸಿ ಹೊಸದು ಮಾಡಲೇ ಎಂದು ಕೇಳುತ್ತಿತ್ತು. ದಿನಾ ಮುಂಜಾನೆ ಅಳಿಸಿದ ಕೈ ಅದು. ಬೆರಳು ತಾನೇ ‘ಹೌದು’ ಕಡೆಗೆ ಸರಿಯಿತು. ಗುಡ್ಡವ್ವ ಅವನ ಮುಂಗೈಯನ್ನು ಗಪ್ಪನೆ ಹಿಡಿದಳು. ಚೌಕದಲ್ಲಿದ್ದ ಇಂಗ್ಲಿಷು ಆಕೆಗೆ ತಿಳಿದಿರಲಿಲ್ಲ, ಅವನ ಮುಖದ ಬಣ್ಣ ಹೋದದ್ದು ಕಂಡಿತ್ತು.

“ಏನಾತೋ?” ಲಕ್ಕವ್ವ ಅಂದಳು.

“ಒಳಗ ಏನೂ ಕಾಣವಲ್ದು ಅಕ್ಕಾರ.”

ಅಂಗಡಿಗೆ ಕದ ಹಾಕಿ ಶಿದ್ರಾಮ ಗೋಕಾಕದ ಬಸ್ಸು ಹತ್ತಿದ. ಅವನು ಬೇಡವೆಂದರೂ ಕೇಳದೆ ಗುಡ್ಡವ್ವ ಹಿಂದೆಯೇ ಹತ್ತಿದಳು. ಬಾಣಂತಿಯನ್ನು ಬಿಟ್ಟು ಬರಲಾಗದೆ ಲಕ್ಕವ್ವ ಮನೆಗೆ ಹೋದಳು. ಬಸ್ಸಿನಲ್ಲಿ ಶಿದ್ರಾಮ ಕಾರ್ಡನ್ನು ಅಂಗೈಯಲ್ಲಿ ಮುಚ್ಚಿ ಹಿಡಿದ. ಕೈ ಬೆವರುತ್ತದೆಂದು ಗುಡ್ಡವ್ವ ಅದನ್ನು ಬಿಡಿಸಿ ತನ್ನ ಸೆರಗಿನ ತುದಿಯಲ್ಲಿ ಕಟ್ಟಿಕೊಂಡಳು.

ಗೋಕಾಕದಲ್ಲಿ ಪರಸಪ್ಪನೆಂಬವನು ಕಂಪ್ಯೂಟರು ರಿಪೇರಿ ಮಾಡುತ್ತಿದ್ದ. ಕಾರ್ಡು ತಿರುವಿ ನೋಡಿ ಕೇಳಿದ: “ಇದನ್ನ ಭಾಳ ಸಲ ಅಳಿಸಿ ಬರದಿಯೇನೋ?”

“ದಿನಾ. ಎಷ್ಟೋ ಸಲ.”

“ಗಲ್ಲೇದಾಗ ಬ್ಯಾರೆ ಕಾರ್ಡು ಇರಲಿಲ್ಲೇನು?”

“ಇದ್ದವು. ಇದು ಬೋಣಿಗೀದು.”

ಪರಸಪ್ಪ ನಗಲಿಲ್ಲ. “ಇದರೊಳಗ ಮನಿಯಾಗಿನಂಗ ಸಣ್ಣ ಸಣ್ಣ ಖೋಲಿ ಇರ್ತಾವು. ಓದಿದ್ರ ಅಷ್ಟೇನೂ ಆಗೂದಿಲ್ಲ. ಅಳಿಸಿ ಬರದಾಗೆಲ್ಲಾ ಖೋಲಿ ಗ್ವಾಡಿ ಸವಿತಾವು. ಸವದ ಖೋಲ್ಯಾಗ ಇಟ್ಟಿದ್ದು ಅವತ್ತು ಚಲೋ ಕಾಣತೈತಿ, ಬರಬರತ ಸೋರಿ ಹೋಗತೈತಿ. ಕಾವು ತಾಗಿದ್ರಂತೂ ಜಲ್ದಿ. ಎಲ್ಲಿಟ್ಟಿದ್ದಿ?”

“ದೀಪದ ಬಾಜೂ.”

ಪರಸಪ್ಪ ಕೆಲಸ ಹಚ್ಚಿದ. ಪರದೆಯ ಮೇಲೆ ಹಸಿರು ಗೆರೆಯೊಂದು ತುಸು ತುಸು ಮುಂದೆ ಸರಿಯಿತು, ನಿಂತಿತು. ಕಾರ್ಡು ಬಿಸಿಯಾಗಿತ್ತು. ತೆಗೆದು ಫ್ಯಾನಿನ ಕೆಳಗಿಟ್ಟು, ಆರಿದ ಮೇಲೆ ಮತ್ತೆ ಸಿಗಿಸಿದ. ಮತ್ತೆ ಸರಿಯಿತು, ಮತ್ತೆ ನಿಂತಿತು. ಗುಡ್ಡವ್ವ ರೆಪ್ಪೆ ಹೊಡೆಯದೆ ಆ ಗೆರೆಯನ್ನೇ ನೋಡಿದಳು.

ಮಧ್ಯಾಹ್ನದ ಹೊತ್ತಿಗೆ ಸ್ಪೀಕರು ಗೊರಗುಟ್ಟಿ, ಅದರೊಳಗಿಂದ ಗುಡ್ಡವ್ವ ಹಾಡತೊಡಗಿದಳು. ಆಕೆಯ ಕೈ ತಾನಾಗಿ ಕೊರಳ ಬಟ್ಟೆಗೆ ಹೋಯಿತು. ಹೊಳಿಯ ನೀರಿಳದಾವ, ದಂಡೀಯ ಒಣಗ್ಯಾವ. ಇಳಿವೊಲ್ದ ಯಾಕ ಕಣ್ಣೀರ... ಅಲ್ಲಿಗೆ ಚರಚರ ಸದ್ದು, ಆಮೇಲೆ ಏನೂ ಇಲ್ಲ. ಅಲ್ಲಿಯ ತನಕದ್ದು ಬಂದಿತ್ತು, ತಿರುವು ಬರಲಿಲ್ಲ. ಪರಸಪ್ಪ ಮತ್ತೊಮ್ಮೆ ಸಿಗಿಸಿದ. ಈ ಸಲ ಕಂಪ್ಯೂಟರಿಗೆ ಕಾರ್ಡಿನ ಗುರುತೇ ಹತ್ತಲಿಲ್ಲ.

“ಮುಗೀತವ್ವಾ,” ಅಂದ. ಸಿಕ್ಕಷ್ಟನ್ನು ಹೊಸ ಕಾರ್ಡಿಗೆ ಹಾಕಿ ಕೊಟ್ಟ.

ಹಿಂದಿರುಗುವ ಬಸ್ಸಿನಲ್ಲಿ ಶಿದ್ರಾಮ ಕಿಟಕಿಗೆ ಮುಖ ಕೊಟ್ಟು ಕೂತಿದ್ದ. ಕೌಜಲಗಿಯ ಕಡೆಯ ಗೌಡತಿಯೊಬ್ಬಳ ಕೋಳಿಬುಟ್ಟಿ ಅವನ ಕಾಲ ಮೇಲಿತ್ತು, ಅದರ ಪರಿವೆಯೂ ಇರಲಿಲ್ಲ. ಒಮ್ಮೆಲೇ ಮೂಗಿನಲ್ಲಿ ಗುನುಗಿದ. ‘ನನ ಕೂಸ.’ ಗುಡ್ಡವ್ವ ಗಕ್ಕನೆ ತಿರುಗಿದಳು. ತಪ್ಪಾಗಿತ್ತು, ಆದರೆ ಅದರ ಹತ್ತಿರವೇ ಇತ್ತು. ಅಂದು ಹೆಡ್‌ಫೋನಿನಲ್ಲಿ ಎರಡೂ ಕಿವಿ ತುಂಬ ಕೇಳಿದವನು ಇವನೊಬ್ಬನೇ. ಆಕೆ ಅಂಗೈ ಮೇಲೆತ್ತಿ ತೋರಿಸಿದಳು: ಇನ್ನೂ ಮೇಲೆ.

ಮನೆಗೆ ಬಂದವರೇ ಪಡಸಾಲೆಯಲ್ಲಿ ಕೂತರು. ಬಾಣಂತಿ ಕೋಣೆಯ ಬಾಗಿಲಲ್ಲಿ ಲಕ್ಕವ್ವ ನಿಂತಳು. ಶಿದ್ರಾಮ ಕಣ್ಣು ಮುಚ್ಚಿ ಹಾಡಿದ.

ಒಳಗಿನಿಂದ ಕಸ್ತೂರಿ ಕಿಸಕ್ಕನೆ ನಕ್ಕಳು. “ಯವ್ವಾ, ಗಂಡಸು ಜೋಗುಳ ಹಾಡಾಕತ್ತಾನಲ್ಲ! ಎಮ್ಮಿ ಕರ ಕರದಂಗ!”

“ನಗಬ್ಯಾಡ್ರಿ ತಂಗೆಮ್ಮಾ, ಮರ್ತ ಹೋಗತೈತಿ,” ಶಿದ್ರಾಮ ಬೇಡಿಕೊಂಡ.

“ನಗಬ್ಯಾಡ ಸುಮ್ಕಿರ,” ಲಕ್ಕವ್ವ ಮಗಳನ್ನು ಗದರಿದಳು. “ನೀ ಹಾಡಪಾ.”

ಗುಡ್ಡವ್ವನ ಕೈ ಏರಿತು. ತಪ್ಪು. ಮತ್ತೆ ಹಾಡಿದ. ಕೈ ಏರಿತು. ಅವನು ಹಾಡುವುದು, ಲಕ್ಕವ್ವ ಹಿಂದೆ ಹಾಡುವುದು, ಗುಡ್ಡವ್ವ ಕೈಯನ್ನು ಮೇಲೆ ಕೆಳಗೆ ಮಾಡುವುದು. ಆಕೆ ಒಂದು ಕೂದಲೆಳೆಯನ್ನೂ ಬಿಡಲಿಲ್ಲ. ಶಿದ್ರಾಮನ ಗಂಟಲು ಕೂತು ಬಂತು. ನೆರಳು ಅಂಗಳದ ತುದಿಗೆ ಹೋಯಿತು. ಅವನ ಕಿವಿಯಲ್ಲಿ ಉಳಿದದ್ದೂ ಹಾಡಿ ಹಾಡಿ ಮಸುಕಾಗುತ್ತಿರುವುದು ಗುಡ್ಡವ್ವನಿಗೆ ತಿಳಿಯುತ್ತಿತ್ತು. ಪ್ರತಿ ಸಲವೂ ಮೊದಲಿಗಿಂತ ತುಸು ಬೇರೆ ಬರುತ್ತಿತ್ತು.

ಆಮೇಲೆ ಲಕ್ಕವ್ವ ಒಂದು ಸಲ ಮೂರೂ ಸಾಲು ಒಂದೇ ಉಸಿರಿಗೆ ಹಾಡಿದಳು. ‘ನನ ಕೂಸ’ ಮೇಲಕ್ಕೆ ಹೋಯಿತು, ನಿಂತಿತು. ಇಳಿಯುವಾಗ ಗುಡ್ಡವ್ವನ ಹಾಗೆ ಇಳಿಯಲಿಲ್ಲ. ಒಂದು ಮೆಟ್ಟಿಲು ಬಿಟ್ಟು, ಶಿದ್ರಾಮ ಇಳಿಸಿದ ಹಾಗೆಯೇ ಇಳಿಯಿತು. ಇಳಿದದ್ದು ಮುಂದಿನ ಸಾಲಿಗೆ ಚೆನ್ನಾಗಿ ಕೂಡಿಕೊಂಡಿತು.

ಗುಡ್ಡವ್ವನ ಕೈ ಮಡಿಲಲ್ಲೇ ಉಳಿಯಿತು. ಆಕೆ ಸರಿ ಎಂದು ಗೋಣು ಹಾಕಿದಳು.

“ಬಂತು! ಕಸ್ತೂರಿ, ಬಂತ ನೋಡ!” ಎನ್ನುತ್ತಾ ಲಕ್ಕವ್ವ, ಮರೆಯುವುದರೊಳಗೆ, ಹಾಡುತ್ತಲೇ ಒಳಗೆ ಓಡಿದಳು.

ಆ ಮಳೆಗಾಲ ಮುಗಿಯುವುದರೊಳಗೆ ಶಿದ್ರಾಮ ಅಂಗಡಿ ಮುಚ್ಚಿ ಘಟಪ್ರಭಾದ ಕಡೆ ಹೋದ. ಹೋಗುವ ತನಕ ಸಂತೆಯಲ್ಲಿ ಕಂಡಾಗ ಏನೇನೋ ಹೇಳುತ್ತಿದ್ದ, ಗುಡ್ಡವ್ವನನ್ನು ಏನನ್ನೂ ಕೇಳಲಿಲ್ಲ. ಕೇಳಿದ್ದು ಜೋಗುಳ ಕಲಿಸಿದ ಆ ಸಂಜೆಯೇ ಕಡೆ. ಚಪ್ಪಲಿ ಮೆಟ್ಟಿದವನು ಮತ್ತೆ ಬಿಚ್ಚಿ, ಪಡಸಾಲೆ ಹತ್ತಿ, ಆಕೆಯ ಎದುರಿಗೆ ಕುಕ್ಕರಗಾಲಲ್ಲಿ ಕೂತು, ಒಳಗಿನವರಿಗೆ ಕೇಳದ ಹಾಗೆ ಅಂದ:

“ಅವ್ವಾರ, ಖರೆ ಹೇಳ್ರಿ. ಅದು ನಿಮ್ಮ ಧಾಟಿನೋ, ನಾ ಅಳಬಾರದಂತ ಗೋಣು ಹಾಕಿದ್ರೋ?”