ಕ್ಯಾಸೆಟ್ಟಿನ ಎರಡನೇ ಮಗ್ಗುಲು

ಎಂಬತ್ತರ ದಶಕದಲ್ಲಿ ಕ್ಯಾಸಂಬಳ್ಳಿಯಿಂದ ರಾಬರ್ಟ್‌ಸನ್‌ಪೇಟೆಗೆ ಹೋಗುವ ಬಸ್ಸಿನಲ್ಲಿ ಭುಜದವರೆಗೆ ಕೂದಲು ಬಿಟ್ಟು, ಕರಿ ಬನಿಯನ್ ತೊಟ್ಟ ಹುಡುಗ ನಾನೊಬ್ಬನೇ. “ಯಾವಾಗಪ್ಪಾ ತಿರುಪ್ತಿಗೆ ಓಗೋದು?” ಎಂದು ಕಂಡಕ್ಟರು ಕಂಡಾಗಲೆಲ್ಲ ಕೇಳುತ್ತಿದ್ದ. ಮುಡಿ ಹರಕೆ ಹೊತ್ತಿದ್ದೇನೆ ಎಂದೇ ಅವನ ನಂಬಿಕೆ. ಹೆವಿ ಮೆಟಲ್ ಸಂಗೀತ ಏನೆಂದು ಅವನಿಗೆ ವಿವರಿಸುವ ತಾಳ್ಮೆ ನನಗಿರಲಿಲ್ಲ. ಈಗಲೂ ಯಾರಿಗೂ ವಿವರಿಸುವುದಿಲ್ಲ. ಆ ಗಿಟಾರಿನ ಸದ್ದು ಎದೆಗೆ ಹೊಕ್ಕವರಿಗೆ ಹೊಕ್ಕಿತು, ಮಿಕ್ಕವರಿಗೆ ಅದು ಬರೀ ಗಲಾಟೆ.

ನನ್ನಂಥವನೇ ಇನ್ನೊಬ್ಬ ಊರಿಗಾಂನ ಗಣಿ ಕಾರ್ಮಿಕರ ಲೈನುಮನೆಯಲ್ಲಿದ್ದ, ಕಾಲೇಜಿನ ಗೆಳೆಯ. ಗಣಿಯಲ್ಲಿದ್ದ ಅಪ್ಪ ಎಂದೋ ತೀರಿಕೊಂಡಿದ್ದರು. ಮನೆಯಲ್ಲಿ ಅವನು, ಅವನ ತಾಯಿ, ಇಬ್ಬರೇ. ಬೆಂಗಳೂರಿಗೆ ರೈಲಿನಲ್ಲಿ ಓಡಾಡುವವರನ್ನು ಕಾಡಿ ಬೇಡಿ ನಾವು ಕ್ಯಾಸೆಟ್ ತರಿಸಿ, ನಕಲು ಮಾಡಿಕೊಳ್ಳುತ್ತಿದ್ದೆವು. ಖಾಲಿ ಕ್ಯಾಸೆಟ್ ಇಲ್ಲದಿದ್ದರೆ ಮನೆಯ ಭಕ್ತಿಗೀತೆಗಳ ಮೇಲೆಯೇ. ಹಾಡು ಅಳಿಸಿಹೋಗದಂತೆ ಕ್ಯಾಸೆಟ್ಟಿನ ಮೂಲೆ ಮುರಿದಿಟ್ಟ ತೂತಿಗೆ ಒಂದು ಚೂರು ಕಾಗದ ತುರುಕಿದರೆ ಸಾಕು, ಸುಪ್ರಭಾತ ಹೋಗಿ ಆರ್ಭಟ ಬರುತ್ತಿತ್ತು. ಅಮ್ಮನ ಕೈಲಿ ಬೈಸಿಕೊಂಡದ್ದು ಅಷ್ಟಿಷ್ಟಲ್ಲ.

ಅವನು ಹಾಡುತ್ತಿದ್ದ. ಹಾಡುತ್ತಿದ್ದ ಎಂದರೆ ಕಿರುಚುತ್ತಿದ್ದ. ಒಂದು ಭಾನುವಾರ ನಮ್ಮ ಕೊಟ್ಟಿಗೆಯಲ್ಲಿ ನಾನು ತಗಡಿನ ಡಬ್ಬ ಬಡಿದೆ, ಅವನು ಗಂಟಲು ಹರಿಯುವಂತೆ ಕಿರುಚಿದ. ಒಂದು ಕ್ಯಾಸೆಟ್ಟಿನ ಎರಡನೇ ಮಗ್ಗುಲು ತುಂಬಿತು, ಅಳಿಸದಿರಲೆಂದು ಮೂಲೆ ಮುರಿದಿಟ್ಟೆವು. ನಮ್ಮೆಮ್ಮೆ ಅವತ್ತು ಹಾಲು ಕೊಡಲಿಲ್ಲ. ಅದನ್ನು ಅವನ ತಾಯಿಗೆ ಕೇಳಿಸಿದಾಗ ಆಕೆ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. “ಯಾರೋ ಒಡೆದಂಗದೆ ನನ್ ಮಗನ್ನ” ಎಂದರು.

ಆ ಮಗ್ಗುಲನ್ನು ಅಳಿಸಿದವನು ನಾನೇ. ಯಾರೋ ಹೊಸ ಕ್ಯಾಸೆಟ್ಟೊಂದನ್ನು ಒಂದೇ ದಿನಕ್ಕೆಂದು ಕೊಟ್ಟಿದ್ದರು. ಸಂಜೆಯೊಳಗೆ ವಾಪಸು ಮಾಡಬೇಕಿತ್ತು, ಕೈಯಲ್ಲಿ ಬೇರೆ ಕ್ಯಾಸೆಟ್ ಇರಲಿಲ್ಲ. ತೂತಿಗೆ ಕಾಗದ ತುರುಕಿದೆ. ಗೆಳೆಯನಿಗೆ ಹೇಳಿದಾಗ ಅವನು ಬೈಯಲೂ ಇಲ್ಲ. “ಓಗ್ಲಿ ಬಿಡ್ಲಾ, ಇನ್ನೊಂದ್ಸಲ ಕಿರುಚ್ತೀನಿ” ಎಂದ.

ಕಿರುಚಲಿಲ್ಲ. ಆ ಬೇಸಿಗೆಯಲ್ಲಿ ಅವನಿಗೆ ಕಾಮಾಲೆಯಾಯಿತು. ನಾಟಿ ಔಷಧಿ, ಪಥ್ಯ ಎಂದು ದಿನ ಕಳೆದು, ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ಕಾಲ ಮಿಂಚಿತ್ತು.

ನಮ್ಮ ಕಡೆ ತಿಥಿಯ ದಿನ ಸತ್ತವರ ಫೋಟೋ ಮುಂದೆ ಅವರಿಗೆ ಇಷ್ಟವಾದದ್ದನ್ನೆಲ್ಲ ಎಡೆ ಇಡುತ್ತಾರೆ. ಕುಡಿಯುವವರಿಗೆ ಹೆಂಡ, ಸೇದುವವರಿಗೆ ಬೀಡಿ. ಹಿಂದಿನ ದಿನ ಅವನ ತಾಯಿ ನನಗೆ ಹೇಳಿದರು: “ನಿಮ್ ಕೊಟ್ಟಿಗೇಲಿ ಆಡಿದ್ನಲ್ಲಪ್ಪಾ, ಆ ಕ್ಯಾಸೆಟ್ಟು ತಗಂಬಾ. ಇರೋದೊಂದು ಫೋಟೋ, ಅದು ಮಾತಾಡಲ್ಲ. ಅವ್ನ ದನಿ ಒಂದ್ಸಲ ಕೇಳ್ಬೇಕು.”

“ತರ್ತೀನಮ್ಮಾ” ಎಂದುಬಿಟ್ಟೆ. ಮಾರನೇ ದಿನ, ಅಲ್ಲಿಗೆ ಹೋಗಿ ನಿಜ ಹೇಳಿಬಿಡೋಣ ಎಂದುಕೊಂಡೇ ಟೇಪ್‌ರೆಕಾರ್ಡರ್, ಕ್ಯಾಸೆಟ್ ಎರಡನ್ನೂ ಹೊತ್ತು ಹೋದೆ. ಹೇಳುವ ಮೊದಲೇ ಆಕೆ ಅವೆರಡನ್ನೂ ನನ್ನ ಕೈಯಿಂದ ಇಸಿದುಕೊಂಡು ಫೋಟೋ ಮುಂದೆ, ವಡೆ ಪಾಯಸದ ಪಕ್ಕ ಇಟ್ಟರು. ಅರಿಸಿನ ಕುಂಕುಮ ಹಚ್ಚಿದರು. “ಆಕು” ಎಂದರು.

ಗುಂಡಿ ಒತ್ತಿದೆ. ಯಾವುದೋ ದೇಶದ, ಯಾರೋ ಒಬ್ಬನ ಕಿರುಚಾಟ ಹೊರಬಿತ್ತು. ನಾನು ನೆಲ ನೋಡುತ್ತ ನಿಂತೆ. ಇದು ಅವನಲ್ಲ ಎಂದು ಆಕೆಗೆ ಗೊತ್ತಾಗಲಿ, ಕಪಾಳಕ್ಕೆ ಹೊಡೆಯಲಿ ಎಂದು ಬಯಸಿದೆ.

“ನಮ್ಮೋನೇ” ಎಂದರು ಆಕೆ, ಸುತ್ತ ಕೂತ ನೆಂಟರ ಕಡೆ ತಿರುಗಿ. “ಕೇಳ್ರಮ್ಮಾ, ನಮ್ಮೋನೇ.” ಆಮೇಲೆ ನನ್ನನ್ನು ಕೇಳಿದರು: “ಏನಂತಾವ್ನಪ್ಪಾ?”

ಆ ಹಾಡುಗಳ ಮಾತು ನಮ್ಮಿಬ್ಬರಿಗೂ ಎಂದೂ ಪೂರ್ತಿ ಅರ್ಥವಾಗಿರಲಿಲ್ಲ. “ನಿಮ್ಮುನ್ನೇ ಕೂಗ್ತಾವ್ನೆ ಅಮ್ಮಾ” ಎಂದೆ. ಅಂಥ ಪಾಪಿ ನಾನು.

ಆಕೆ ಎಲೆಗೆ ಬಡಿಸುತ್ತಿದ್ದ ಸೌಟನ್ನು ಹಿಡಿದೇ ಟೇಪ್‌ರೆಕಾರ್ಡರಿನ ಮುಂದೆ ಕುಕ್ಕರಿಸಿದರು. ದನಿ ಮತ್ತೆ ಕಿರುಚಿತು. “ಬಂದೆ ಕಣಪ್ಪಾ, ಬಂದೆ” ಎಂದರು.

ಹಾಡು ಮುಗಿಯುವುದರೊಳಗೆ ಆ ದನಿ ಇನ್ನೂ ಮೂರು ಸಲ ಕಿರುಚಿತು. ಮೂರು ಸಲವೂ ಆಕೆ ಓಗೊಟ್ಟರು.