ತಿಮಿಂಗಿಲದ ಗೆರೆ ತಿಕ್ಕಿದ ವರ್ನಾ

ಸಿಡ್ನಿಗೆ ಉತ್ತರದ ನದಿದಂಡೆಯ ಊರಿನಲ್ಲಿ, ವೃದ್ಧಾಶ್ರಮದ ಬಟ್ಟೆ ಒಗೆಯುವ ಕೆಲಸ ವರ್ನಾಳದು. ಊರ ಹಿಂದಿನ ಗುಡ್ಡದ ಹಾಸುಬಂಡೆಯಲ್ಲಿ ಅವಳ ಮೂಲನಿವಾಸಿ ಹಿರಿಯರು ಕೊರೆದ ತಿಮಿಂಗಿಲವೊಂದಿದೆ. ನೋಡಬೇಕೆಂದವರು ಮೊದಲು ಅವಳ ಸೋದರಮಾವ ಕ್ಲೆಮ್‌ನನ್ನು ಕೇಳಬೇಕು. ಇಂಥವರು ಬಂದಿದ್ದಾರೆಂದು ಅವನು ಗತಿಸಿದ ಹಿರಿಯರಿಗೆ ಕೂಗಿ ಹೇಳುವ ತನಕ ಕಾಯಬೇಕು. ಗೆರೆಯ ಮೇಲೆ ಕಾಲಿಡಬಾರದು.

ಒಂದು ದಿನ ಚಹಾ ಕುಡಿಯುತ್ತ, ಜೊತೆಗೆ ದುಡಿಯುವ ಬಿಳಿಯ ಹೆಂಗಸು ಜೋನ್‌ಗೆ ವರ್ನಾ ಅಲ್ಲಿಗೆ ಹೋಗುವ ದಾರಿ ಹೇಳಿಬಿಟ್ಟಳು; ಮಾವನನ್ನು ಕೇಳಬೇಕೆಂಬುದನ್ನು ಹೇಳಲಿಲ್ಲ. ನಮ್ಮದೂ ಒಂದಿದೆ ಎನ್ನುವ ಜಂಬ. ಜೋನ್ ಮೊಮ್ಮಕ್ಕಳನ್ನು ಕಟ್ಟಿಕೊಂಡು ಹೋಗಿಬಂದು ಫೋನಿನಲ್ಲಿ ಚಿತ್ರ ತೋರಿಸಿದಳು. ತಿಮಿಂಗಿಲದ ಗೆರೆಗೆಲ್ಲ ಸೀಮೆಸುಣ್ಣ.

"ಗೆರೆ ಸರಿಯಾಗಿ ಕಾಣ್ತಿರ್ಲಿಲ್ಲ ಕಣೆ, ಬಳಿದ್ವಿ. ಚೆನ್ನಾಗಿ ಬಂದಿದೆ ಅಲ್ವಾ?"

"ಹ್ಞೂಂ" ಅಂದಳು ವರ್ನಾ. ಆಮೇಲೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಮಾವ ನೋಡುವ ಮೊದಲೇ ಅಳಿಸಿಬಿಡೋಣವೆಂದು ಮರುದಿನ ಬಕೆಟ್ಟು, ಬ್ರಷ್ಷು ಹಿಡಿದು ಒಬ್ಬಳೇ ಗುಡ್ಡ ಹತ್ತಿದಳು. ಹಿರಿಯರನ್ನು ಕೂಗಲು ಬಾಯಿ ಬರಲಿಲ್ಲ. ಕದಿಯಲು ಬಂದವಳಂತೆ ಕುಕ್ಕರುಗಾಲಲ್ಲಿ ಕೂತು ತಿಕ್ಕಿದಳು. ಸುಣ್ಣ ಹೋಯಿತು. ಅದರ ಜೊತೆಗೆ ಬಾಲದ ಅಂಚಿನ ಕಲ್ಲೂ ಮರಳಾಗಿ ಉದುರಿ ಅಂಗೈಗೆ ಅಂಟಿತು. ಬ್ರಷ್ಷನ್ನು ಬಕೆಟ್ಟಿಗೆ ಹಾಕಿಕೊಂಡು ಗುಡ್ಡ ಇಳಿದಳು.

ಭಾನುವಾರ ಮಾವನ ಅಂಗಳಕ್ಕೆ ಹೋದಾಗ ಅವನು ಮೀನು ಸುಡುತ್ತಿದ್ದ.

"ಏನೇ, ಈ ಮೀನಿಗಿಂತ ನಿನ್ನ ಮುಖಾನೇ ಸತ್ತಂಗಿದೆ. ನಿನ್ನೂ ಕೆಂಡಕ್ಕೆ ಹಾಕ್ಲಾ?"

ವರ್ನಾ ಎಲ್ಲವನ್ನೂ ಹೇಳಿದಳು. ಕ್ಲೆಮ್ ಮೀನು ಮಗುಚಿದ.

"ಸುಣ್ಣ ಮಳೆಗೆ ಹೋಗ್ತಿತ್ತಲ್ಲೇ, ಮಗಾ."

"ನಿಂಗೆ ಗೊತ್ತಾಗ್ಬಾರ್ದು ಅಂತ, ಮಾವ."

"ನಂಗೆ ಗೊತ್ತಾಗ್ದಿದ್ರೆ ಹಿರಿಯರಿಗೂ ಗೊತ್ತಾಗಲ್ವಾ? ನಡಿ."

ಬಂಡೆಯ ಬಳಿ ಅವನು ಹಿರಿಯರನ್ನು ಕೂಗಿದ. "ಈಗ ನೀನು ಹೇಳು" ಅಂದ. ವರ್ನಾ ತನ್ನ ಹೆಸರು, ತಾಯಿಯ ಹೆಸರು ಹೇಳಿ, ಮಾಡಿದ್ದನ್ನೂ ಒಪ್ಪಿಕೊಂಡಳು. ಎದೆಯ ಭಾರ ಇಳಿಯಲಿಲ್ಲ.

ಸೋಮವಾರ ಜೋನ್‌ಗೂ ಹೇಳಿದಳು. ಜೋನ್ ಮುಖ ಕೆಂಪಾಯಿತು. "ಅವತ್ತೇ ಬೈಬಾರ್ದಿತ್ತಾ? ಚೆನ್ನಾಗಿದೆ ಅಲ್ವಾ ಅಂದಾಗ ಹ್ಞೂಂ ಅಂದ್ಯಲ್ಲೇ." ಜೋನ್ ಚಿತ್ರ ಅಳಿಸಿದಳು. ತಾನಾಗಿಯೇ ಕ್ಲೆಮ್‌ನ ಮನೆಗೆ ಹೋಗಿ ಕ್ಷಮೆ ಕೇಳಿ ಬಂದಳು.

ಮಂಡಿನೋವು ಹೆಚ್ಚಾದ ಮೇಲೆ ಕ್ಲೆಮ್, ಬಂದವರನ್ನು ಕರೆದೊಯ್ಯುವ ಹೊಣೆಯನ್ನು ವರ್ನಾಳಿಗೇ ವಹಿಸಿದ. ಬೇರೆಯವರಿಗೆ ಕೊಡು ಎಂದು ಅವಳು ಬೇಡಿಕೊಂಡರೂ ಕೇಳಲಿಲ್ಲ. ಅವಳು ಹಿರಿಯರನ್ನು ಕೂಗಿ, ಬಂದವರನ್ನು ಬಂಡೆಯ ಅಂಚಿನಲ್ಲಿ ನಿಲ್ಲಿಸಿ, ತಿಮಿಂಗಿಲದ ಕತೆ ಹೇಳುತ್ತಾಳೆ. "ಮುಟ್ಟಬೇಡಿ" ಎನ್ನುವಾಗ ಮಾತ್ರ ಅವಳಿಗೆ ಯಾರ ಮುಖವನ್ನೂ ನೋಡಲಾಗುವುದಿಲ್ಲ.