ದೀಪ ಇಡಬಾರದ ಜಾಗ

ರಾಗಿಯ ಹಗೇವಿನಿಂದ ಮೇಲೆ ಬಂದ ದೀಪ ತಾನಾಗಿ ಹತ್ತಿಕೊಂಡದ್ದು ನಿಜ. ಅದನ್ನು ಹತ್ತಿಸಿದ್ದು ಸತ್ತುಹೋದ ನನ್ನ ಭಾವನವರಲ್ಲ. ಬತ್ತಿಯ ತುದಿಯಲ್ಲಿ ಕೆಂಡ ಉಳಿದಿತ್ತು, ಒಳ್ಳೆಯ ಗಾಳಿ ಸಿಕ್ಕಿತು, ಹತ್ತಿಕೊಂಡಿತು. ನಡೆದದ್ದು ಇಷ್ಟೇ. ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಓದುತ್ತಾ ಹೋದರೆ ನಿಮಗೂ ಬೇರೆ ಥರ ಅನ್ನಿಸಬಹುದು. ನನಗೂ ಒಂದು ಗಳಿಗೆ ಅನ್ನಿಸಿತ್ತು.

ನಿನ್ನೆ ಸಂಜೆ ಸಿಲಿಂಡರ್ ಬದಲಾಯಿಸುವಾಗ ಗ್ಯಾಸ್ ಸೋರಿತು. ಕೊಳೆತ ಕೋಸಿನಂಥ ವಾಸನೆ. ಬೇರೆಯವರಿಗೆ ಆ ವಾಸನೆ ಬಂದರೆ ಏನು ನೆನಪಾಗುತ್ತದೋ ಕಾಣೆ, ನನಗೆ ಒಂದು ಕೆಂಪು ಪೆನ್ಸಿಲ್ ನೆನಪಾಗುತ್ತದೆ.

ಆಂಧ್ರದ ಗಡಿಯೊಳಗಿನ ಅಗಳಿಯಿಂದ ಆಟೋ ಹತ್ತಿದರೆ ಸೊಂಟ ನೋಯುವಷ್ಟರಲ್ಲಿ ನಮ್ಮೂರು ಸಿಗುತ್ತದೆ. ಊರಾಚೆ ಸಿಲಿಂಡರಿಗೆ ಗ್ಯಾಸ್ ತುಂಬುವ ಯಾರ್ಡ್ ಕಟ್ಟಬೇಕೆಂದು ಒಂದು ಕಂಪನಿಯವರು ಹೊಲಗಳನ್ನು ತೆಗೆದುಕೊಂಡರು. ನಮ್ಮದೂ ಹೋಯಿತು. ಹೊಂಗೆಮರದ ಬುಡದ ಒಂದು ಪಟ್ಟಿ ಮಾತ್ರ ಬೇಲಿಯಾಚೆ ನಮಗೇ ಉಳಿಯಿತು. ಗೋಡೆ ಏಳುವುದಕ್ಕೆ ಮೊದಲು, ಅಲ್ಲಿ ಕರೆಂಟು ಎಲ್ಲಿಂದ ಬಂದು ಎಲ್ಲಿ ಹರಿಯಬೇಕು ಎಂದು ನಕ್ಷೆ ಬರೆಯಲು ಒಬ್ಬ ಇಂಜಿನಿಯರ್ ಬಂದ. ವೀರೇಶ ಅಂತ ಹೆಸರು. ರಾಯದುರ್ಗದ ಕಡೆಯವನು.

ನನ್ನ ತವರೂ ರಾಯದುರ್ಗದ ಕಡೆಯೇ. ಈ ಊರಿಗೆ ಸೊಸೆಯಾಗಿ ಬಂದಾಗ, ಮಾತಿಗೊಂದು ‘ರೀ’ ಹಚ್ಚುತ್ತೇನೆಂದು ಇಲ್ಲಿಯ ಹೆಂಗಸರು ನೀರಿನ ತೊಟ್ಟಿಯ ಹತ್ತಿರ ಅಣಕಿಸಿ ನಕ್ಕಿದ್ದರು. ನಾನು ಆ ‘ರೀ’ಯನ್ನು ನುಂಗಿಕೊಂಡೆ. ಇಷ್ಟು ವರ್ಷವಾದ ಮೇಲೆ ಈ ಹುಡುಗ ಬಾಗಿಲಲ್ಲಿ ನಿಂತು, “ಇರಾಕ ಒಂದು ಖೋಲಿ ಸಿಗ್ತದೇನ್ರಿ, ಅಮ್ಮಾರ?” ಅಂದ. ಮುಂದಿನ ಕೋಣೆಯಲ್ಲಿದ್ದ ಕಡಲೆಕಾಯಿ ಮೂಟೆಗಳನ್ನು ಅವತ್ತೇ ಹೊರಗೆ ಹಾಕಿಸಿದೆ. ಗಟ್ಟಿ ಹೆಂಗಸು ಎಂದು ನನಗೆ ಹೆಸರಿದೆ. ಎಷ್ಟು ಗಟ್ಟಿ ಎಂದು ನೀವೇ ನೋಡಿ.

ಅವನು ಮುದ್ದೆಯನ್ನು ಅಗಿದು ತಿನ್ನುತ್ತಿದ್ದ. “ಮುದ್ದೆ ನುಂಗ್ಬೇಕು ಕಣಪ್ಪ” ಎಂದು ಗಂಗಮ್ಮ ಬಾಯಿಗೆ ಸೆರಗು ಇಟ್ಟುಕೊಂಡು ನಗುತ್ತಿದ್ದಳು. “ರೊಟ್ಟಿ ತಿಂದ ಬಾಯ್ರಿ ಇದು, ಸುಮ್ನ ಇರಂಗಿಲ್ಲ” ಅನ್ನುತ್ತಿದ್ದ. ಗಂಗಮ್ಮ ನನ್ನ ವಾರಗಿತ್ತಿ, ನನ್ನ ಗಂಡನ ಅಣ್ಣನ ಹೆಂಡತಿ. ಇಬ್ಬರೂ ವಿಧವೆಯರು, ಒಂದೇ ಮನೆ. ಅವಳು ಹಾಗೆ ನಗುವುದನ್ನು ನೋಡಿ ನನಗೇ ಬಹಳ ಕಾಲವಾಗಿತ್ತು.

ಒಂದು ದಿನ ಅವನು ಜಗಲಿಯ ಮೇಲೆ ನಕ್ಷೆ ಹರಡಿ ಕೂತಿದ್ದ. ನಾನು ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು. ಕರೆಂಟಿನ ನಕ್ಷೆಯೆಂದರೆ ದೀಪ, ಫ್ಯಾನು, ಸ್ವಿಚ್ಚು ಬರೆಯುತ್ತಾನೆ ಅಂದುಕೊಂಡಿದ್ದೆ. ಅವನು ಕೆಂಪು ಪೆನ್ಸಿಲಿನಲ್ಲಿ ಖಾಲಿ ಜಾಗದ ಸುತ್ತ ಗೆರೆ ಎಳೆಯುತ್ತಿದ್ದ.

“ಅಲ್ಲೇನೈತಪ್ಪ?”

“ಏನೂ ಇಲ್ರಿ.”

“ಏನೂ ಇಲ್ಲದ್ದಕ್ಕ ಯಾಕ ಗೆರಿ ಹೊಡೀತಿ?” ಅವನ ಮುಂದೆ ನನಗೂ ತವರಿನ ಮಾತು ಬಂದುಬಿಡುತ್ತಿತ್ತು.

“ಗ್ಯಾಸ್ ಬಂದು ಕುಂದ್ರೋ ಜಾಗ ಇದು. ದಿನಾ ಬರಂಗಿಲ್ಲ. ಯಾವತ್ತರ ಒಂದಿನ ಸೋರಿದ್ರ, ಇಲ್ಲಿ ಬಂದು ಕುಂದ್ರತದ. ದೀಪ ಎಲ್ಲಿ ಬೇಕು ಅನ್ನೋದು ಆಮ್ಯಾಲ, ಅಮ್ಮಾರ. ಎಲ್ಲಿ ಬ್ಯಾಡ ಅನ್ನೋದು ಮೊದ್ಲು.”

ಆಮೇಲೆ ಬಿಡಿಸಿ ಹೇಳಿದ. ಈ ಗ್ಯಾಸು ಹೊಗೆಯ ಹಾಗೆ ಮೇಲಕ್ಕೆ ಹೋಗುವುದಿಲ್ಲವಂತೆ. ಗಾಳಿಗಿಂತ ಭಾರ, ನೆಲ ಹಿಡಿದು ತೆವಳುತ್ತದೆ, ತಗ್ಗು ಹುಡುಕಿಕೊಂಡು ಹೋಗುತ್ತದೆ. ಅದಕ್ಕೇ ಸ್ವಿಚ್ಚಿನ ಕೋಣೆ ಗೆರೆಯ ಆಚೆ. ಕೇಬಲ್ ಹೂಳುವ ಚರಂಡಿಯ ತುಂಬಾ ಮರಳು ಸುರಿಯಬೇಕು, ಇಲ್ಲದಿದ್ದರೆ ಗ್ಯಾಸು ಅದರೊಳಗೇ ನಡೆದುಕೊಂಡು ಹೋಗುತ್ತದೆ. ಬೆಂಕಿ ಆರಿಸುವ ಪಂಪಿಗೆ ಬೇರೆಯೇ ದಾರಿಯ ಕರೆಂಟು, ಉಳಿದದ್ದೆಲ್ಲ ಸತ್ತರೂ ಅದೊಂದು ಓಡಬೇಕು. ಕಣ್ಣಿಗೆ ಕಾಣದ್ದು ನೆಲದ ಮೇಲೆ ತೆವಳಿಕೊಂಡು ತಗ್ಗು ಹುಡುಕುತ್ತದೆ ಎಂದು ಅವನು ಕೈಯಾಡಿಸಿ ತೋರಿಸಿದಾಗ, ನಾನು ಕಾಲನ್ನು ಜಗಲಿಯ ಮೇಲಕ್ಕೆ ಎಳೆದುಕೊಂಡೆ.

ಹೊಲದಲ್ಲಿ ಅವನು ಎಲ್ಲರನ್ನೂ ಕೇಳಿದ, ಹಳೆಯ ಬಾವಿ, ಗುಂಡಿ ಏನಾದರೂ ಇದೆಯೇ ಎಂದು. ಕಂಪನಿಯವರನ್ನು ಕಂಡರೆ ನಮ್ಮೂರ ಗಂಡಸರಿಗೆ ತೆಲುಗು ತಾನಾಗಿ ಬರುತ್ತದೆ. “ಏಮೀ ಲೇದು ಸಾರ್” ಅಂದರು, ಏನೂ ಇಲ್ಲವಂತೆ. ಅವರಿಗೆ ಗೊತ್ತಿರಲಿಲ್ಲ, ಸುಳ್ಳೇನಲ್ಲ. ಗೊತ್ತಿದ್ದ ಹಿರಿಯರೆಲ್ಲ ತೀರಿಕೊಂಡು, ಉಳಿದವರು ನಾವಿಬ್ಬರೇ. ನಾನು ಗಂಗಮ್ಮನ ಮುಖ ನೋಡಿದೆ. ಅವಳು ಹೊಂಗೆಮರ ನೋಡುತ್ತಿದ್ದಳು.

ಮರದ ಕೆಳಗೆ ನಮ್ಮ ಹಗೇವು ಇತ್ತು. ಹಗೇವು ಕಾಣದವರಿಗೆ ಹೇಳುತ್ತೇನೆ: ರಾಗಿ ಕೂಡಿಡಲು ನೆಲದೊಳಗೆ ತೋಡಿದ ಗುಂಡಿ, ಒಬ್ಬ ಮನುಷ್ಯ ಇಳಿಯುವಷ್ಟು ಬಾಯಿ, ಕೆಳಗೆ ದೊಡ್ಡ ಹೊಟ್ಟೆ. ಮುಚ್ಚಿಟ್ಟ ಹಗೇವಿನಲ್ಲಿ ಗಾಳಿ ಕೆಡುತ್ತದೆ. ಅದಕ್ಕೆ ಬಾಯಿ ತೆರೆದ ಮೇಲೆ ಮೊದಲು ದೀಪ ಇಳಿಬಿಡುತ್ತಾರೆ. ದೀಪ ಉರಿದರೆ ಮನುಷ್ಯ ಇಳಿಯಬಹುದು. ಆರಿದರೆ ಕಾಯಬೇಕು. ಅವತ್ತು ಮಳೆ ಕವಿದು ಬಂದಿತ್ತು, ರಾಗಿ ತೆಗೆಯುವ ಅವಸರ. ಗಂಗಮ್ಮನ ಗಂಡ, ನನ್ನ ಭಾವನವರು, ದೀಪ ಬಿಡದೆ ಇಳಿದರು. ಒಳಗೆ ರಾಗಿಯ ಮೇಲೆ, ದಣಿವಾರಿಸಿಕೊಳ್ಳುವವರ ಹಾಗೆ ಕೂತುಬಿಟ್ಟರು. ಹಗ್ಗ ಹಾಕಿ ಎಳೆದಾಗ ಹೆಣ. ಬಾಯಿಗೆ ಚಪ್ಪಡಿ ಹಾಕಿ ಮಣ್ಣು ಮೆತ್ತಿದೆವು. ಅಂದಿನಿಂದ ದಿನಾ ಮುಸ್ಸಂಜೆ ಗಂಗಮ್ಮ ಆ ಚಪ್ಪಡಿಯ ಮೇಲೆ ದೀಪ ಇಟ್ಟು ಬರುತ್ತಿದ್ದಳು.

ಹೇಳಿದರೆ ಏನಾಗುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು. ಕೆಂಪು ಗೆರೆ ಬೇಲಿ ದಾಟಿ ಮರದ ತನಕ ಬರುತ್ತದೆ, ಗುಂಡಿಗೆ ಮರಳು ಬೀಳುತ್ತದೆ, ಅಲ್ಲಿ ಇನ್ನು ಯಾವತ್ತೂ ದೀಪವಿಲ್ಲ. ಹೇಳದಿದ್ದರೆ, ಒಂದು ಸಂಜೆ ತಗ್ಗು ಹುಡುಕಿಕೊಂಡು ಬಂದದ್ದು ಹಗೇವಿನ ಹೊಟ್ಟೆಯಲ್ಲಿ ಕೂತಿರುತ್ತದೆ, ಅದರ ಮೇಲೆ ಗಂಗಮ್ಮ ಬಂದು ಬೆಂಕಿಕಡ್ಡಿ ಗೀರುತ್ತಾಳೆ.

ಬೇಲಿಯ ಕಂಬ ನೆಡುವ ಮೊದಲು ಅವಳು ನನ್ನನ್ನು ಕರೆದಳು. “ಒಂದ್ಸಲ ತೆಗಿಯೋಣ ಬಾರೆ. ಅವತ್ತು ಇಳಿಬಿಡದೆ ಇದ್ದ ದೀಪಾನ ಇಳಿಬಿಡ್ಬೇಕು ನಾನು.”

ಹಾರೆ ತೆಗೆದುಕೊಂಡು ಹೋದೆ.

ಹೊತ್ತು ಮುಳುಗುತ್ತಿತ್ತು. ಚಪ್ಪಡಿ ಸರಿಸಿದಾಗ ಒಳಗಿನಿಂದ ಹಳೆಯ ರಾಗಿಯ ಮುಗ್ಗಲು ವಾಸನೆ ಎದ್ದಿತು. ಗಂಗಮ್ಮ ತೂಗುದೀಪಕ್ಕೆ ಹಗ್ಗ ಕಟ್ಟಿ ಮೆಲ್ಲಗೆ ಇಳಿಬಿಟ್ಟಳು. ಗೋಡೆಯ ಮೇಲೆ ಬೆರಳು ಎಳೆದ ಗುರುತುಗಳು ಕಂಡವು. ಮಣ್ಣು ಮೆತ್ತಿದವರ ಬೆರಳೇ, ಎಲ್ಲ ಹಗೇವಿನಲ್ಲೂ ಇರುತ್ತವೆ. ಇನ್ನಷ್ಟು ಕೆಳಗೆ ಹೋದ ಮೇಲೆ ಉರಿ ಕುಗ್ಗಿತು, ನೀಲಿಯಾಯಿತು, ಯಾರೋ ಚಿವುಟಿದ ಹಾಗೆ ಹೋಯಿತು. ಗಾಳಿ ಒಂದಿಷ್ಟೂ ಬೀಸುತ್ತಿರಲಿಲ್ಲ.

“ಬಂತಾ ದೀಪ?” ಎಂದು ಗಂಗಮ್ಮ ಬಗ್ಗಿ ಕೇಳಿದಳು. ಅವಳ ಮಾತು ಕೆಳಗೆ ಹೋಗಿ, ಸ್ವಲ್ಪ ತಡೆದು, ಗಂಡು ದನಿಯಲ್ಲಿ ವಾಪಸು ಬಂತು. ಗುಂಡಗಿನ ಗುಂಡಿಯಲ್ಲಿ ಯಾರ ದನಿಯಾದರೂ ದಪ್ಪವಾಗುತ್ತದೆ.

ಅವಳು ಹಗ್ಗ ಎಳೆದಳು. ಆರಿದ ದೀಪ ಕತ್ತಲೆಯಿಂದ ಮೇಲೆ ಬಂತು. ಬಾಯಿಯ ಹತ್ತಿರ ಬಂದದ್ದೇ ತಡ, ನಮ್ಮಿಬ್ಬರ ಮುಖದ ನಡುವೆ, ಯಾರೂ ಮುಟ್ಟದೆ ಹತ್ತಿಕೊಂಡಿತು.

ನನ್ನ ಕೈಯಿಂದ ಹಾರೆ ಬಿತ್ತು. ಗಂಗಮ್ಮ ಮಾತ್ರ ನಕ್ಕಳು. “ನೋಡ್ದಾ? ಹಚ್ಚಿ ಕಳ್ಸವ್ರೆ” ಅಂದಳು. ಮನೆಗೆ ನಡೆಯುವಾಗ, “ಆ ಹುಡುಗ್ನಿಗೆ ಹೇಳ್ಬೇಡ ಕಣೆ” ಅಂದಳು. ಸತ್ತಿತು ಎಂದುಕೊಂಡ ಬೆಂಕಿ ತಾನಾಗಿ ಏಳುವುದನ್ನು ಆಗಷ್ಟೇ ನೋಡಿದ್ದೆ. ಮುಂದೆ ಅಲ್ಲಿ ಗ್ಯಾಸು ಇರುವಾಗಲೂ ಏಳುತ್ತದೆ.

ಬೆಳಗಾಗುತ್ತಲೇ ಒನಕೆ ಹಿಡಿದು, ವೀರೇಶನನ್ನು ಮರದ ಹತ್ತಿರ ಕರೆದುಕೊಂಡು ಹೋಗಿ, ಚಪ್ಪಡಿಯ ಮೇಲೆ ಕುಟ್ಟಿದೆ. ನೆಲ ತಮಟೆಯ ಹಾಗೆ ಗುಮ್ಮೆಂದಿತು. ಅವನ ಮುಖ ಬಿಳಿಚಿತು. “ಎಷ್ಟು ಆಳ ಐತ್ರಿ?” ಅಂದ. ನಕ್ಷೆ ಬಿಚ್ಚಿ, ಬೇಲಿ ದಾಟಿಸಿ, ಮರದ ತನಕ ಕೆಂಪು ಗೆರೆ ಎಳೆದ. ಆ ಪಟ್ಟಿಯನ್ನೂ ಬೇಲಿಯೊಳಗೆ ಸೇರಿಸಿದರು. ಮರ ಕಡಿದರು, ಟ್ರ್ಯಾಕ್ಟರಿನಲ್ಲಿ ಮರಳು ಬಂತು. ಸುರಿಯುವಷ್ಟು ಹೊತ್ತೂ ಗಂಗಮ್ಮ ನಿಂತು ನೋಡಿದಳು. ಆಮೇಲೆ ನನಗೆ ಅಂದದ್ದು ಒಂದೇ ಮಾತು: “ಎಳ್ಡ್ನೇ ಸಲ ಹೂತೆ ಅವ್ರನ್ನ ನೀನು.”

ಅವಳ ದೀಪ ಅಡುಗೆಮನೆಯ ಗೋಡೆಯ ಗೂಡಿಗೆ ಬಂತು. ಯಾರ್ಡಿನಲ್ಲಿ ಈಗ ಸಾಲು ದೀಪಗಳು. ಹೊಂಗೆಮರ ಇದ್ದ ಕಡೆ ಮಾತ್ರ ಒಂದು ಹಲ್ಲು ಬಿದ್ದ ಹಾಗೆ ಕತ್ತಲೆ. ಜಗಲಿಯಲ್ಲಿ ಕೂತರೆ ಕಣ್ಣು ಅಲ್ಲಿಗೇ ಹೋಗುತ್ತದೆ. ಅಲ್ಲಿ ಏನೂ ಇಲ್ಲ. ಏನೂ ಇಲ್ಲವೆಂದು ಗೊತ್ತಿದ್ದೂ ನಾನು ಅತ್ತ ಬೆನ್ನು ಹಾಕಿ ಕೂರುವುದಿಲ್ಲ. ಆ ದಿನದ ಸುದ್ದಿಯನ್ನು ನಾವಿಬ್ಬರೂ ಎತ್ತಿರಲಿಲ್ಲ, ನಿನ್ನೆಯವರೆಗೆ.

ನಿನ್ನೆ ಗ್ಯಾಸ್ ಸೋರಿದಾಗ ಗೂಡಿನಲ್ಲಿ ಅವಳ ದೀಪ ಉರಿಯುತ್ತಿತ್ತು. ನನ್ನ ಎರಡೂ ಕೈ ಸಿಲಿಂಡರಿನ ಬಾಯಿಯ ಮೇಲಿದ್ದವು. ಗಂಗಮ್ಮ ಹಿಂದಿನಿಂದ ಬಂದು ಬತ್ತಿಯನ್ನು ಬರಿ ಬೆರಳಲ್ಲಿ ಹಿಡಿದಳು. ಉರಿ ಆರಿತು. ಬೆರಳು ಬಿಡಲಿಲ್ಲ. ಚರ್ಮ ಸುಟ್ಟ ವಾಸನೆ ಬಂದರೂ ಬಿಡಲಿಲ್ಲ.

“ಬಿಡೇ ಅಕ್ಕ, ಆರ್ತಲ್ಲ!”

“ತುದೀಲಿ ಕೆಂಡ ಇರ್ತದೆ ಕಣೆ. ಅದು ಸಾಯೋವರ್ಗೂ ಬಿಡಬಾರ್ದು.”

ನಾನು ಅವಳ ಮುಖ ನೋಡಿದೆ. ಅವಳು ನನ್ನ ಮುಖ ನೋಡಲಿಲ್ಲ. ಸಿಲಿಂಡರ್ ಮುಚ್ಚಿ, ಬಾಗಿಲು ತೆರೆದಿಟ್ಟು, ಇಬ್ಬರೂ ಜಗಲಿಯಲ್ಲಿ ಕತ್ತಲೆಯಲ್ಲೇ ಕೂತೆವು. ಇವತ್ತು ದೀಪ ಇಲ್ಲದೆ ಹೋಯಿತಲ್ಲ ಅಂದೆ. “ಇರ್ಲಿ ಬಿಡು. ಅವ್ರಿಗೆ ಕತ್ಲೆ ರೂಢಿ ಆಗೈತೆ” ಅಂದಳು.

ಇವತ್ತು ಬೆಳಿಗ್ಗೆ ಎದ್ದವಳೇ ಇದ್ದಿಲ ಚೂರು ತೆಗೆದುಕೊಂಡು ಸಿಲಿಂಡರಿನ ಸುತ್ತ ನೆಲದ ಮೇಲೆ ಗೆರೆ ಎಳೆದೆ. ಗೆರೆ ಅಡುಗೆಮನೆ ದಾಟಿತು, ಹೊಸ್ತಿಲು ದಾಟಿತು. ಅದು ಮುಗಿದ ಮೇಲೆ ಗಾರೆಯವನನ್ನು ಕರೆಸಿ, ಗೆರೆಯಿಂದ ಆಚೆ, ಹೊರಗೋಡೆಯಲ್ಲಿ ಯಾರ್ಡಿನ ಕತ್ತಲೆಗೆ ಎದುರಾಗಿ ಗಂಗಮ್ಮನ ದೀಪಕ್ಕೆ ಒಂದು ಗೂಡು ಕೊರೆಸಿದೆ.